ಗ್ರಿಜ್ಲಿ ಸೀಮೆಯಲ್ಲಿ ಮೊದಲ ಹ್ಯಾಂಡ್‌ಗನ್ ಕೊಳ್ಳುವವರಿಗೆ

ಕೆಲಸದ ಮೇಲೆ ಅಮೆರಿಕದ ಮೊಂಟಾನಾ ರಾಜ್ಯಕ್ಕೆ ಬರುವ ಕನ್ನಡದವರು ಮೊದಲ ಬೇಸಿಗೆಯಲ್ಲಿ ಯೆಲ್ಲೋಸ್ಟೋನ್ ನೋಡುತ್ತಾರೆ, ಎರಡನೇ ಬೇಸಿಗೆಯಲ್ಲಿ ಬೂಟು ಕೊಂಡು ಬೆಟ್ಟ ಹತ್ತಲು ಶುರು ಮಾಡುತ್ತಾರೆ. ಅಷ್ಟೊತ್ತಿಗೆ ನನಗೆ ಫೋನ್ ಬರುತ್ತದೆ: "ಅಕ್ಕಾ, ಕರಡಿಗೆ ಅಂತ ಒಂದು ಗನ್ ತಗೋಬೇಕು. ಯಾವುದು ತಗೊಳ್ಳಲಿ?"

ನನ್ನನ್ನು ಕೇಳುವುದಕ್ಕೆ ಕಾರಣವಿದೆ. ನಾನು ಬೋಜ್‌ಮನ್ ಸುತ್ತಿನ ಹೊಳೆ, ಹಳ್ಳಗಳಲ್ಲಿ ನೀರಿನ ಹರಿವು ಅಳೆಯುವವಳು. ಎದೆಯುದ್ದ ವಿಲ್ಲೋ ಪೊದೆ, ಪಕ್ಕದಲ್ಲೇ ನೀರಿನ ಭೋರ್ಗರೆತ. ನಾನು ಬರುವುದು ಕರಡಿಗೆ ಕೇಳಿಸುವುದಿಲ್ಲ, ಅದು ಇರುವುದು ನನಗೆ ಗೊತ್ತಾಗುವುದಿಲ್ಲ. ಹುಟ್ಟಿದ್ದು ಕೊಪ್ಪದ ಕಡೆ. ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿ ನಳಿಗೆ ಕೋವಿ ನಮ್ಮ ಮನೆಯಲ್ಲಿತ್ತು, ಚುನಾವಣೆ ಬಂದಾಗೆಲ್ಲ ಅಪ್ಪ ಅದನ್ನು ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಹಾಗಾಗಿ ನನಗೆ ಬಂದೂಕಿನ ಭಯವೂ ಇಲ್ಲ, ಹುಚ್ಚೂ ಇಲ್ಲ.

ಯಾವ ಗನ್ ಎನ್ನುವ ಮಾತು ಆಮೇಲೆ. ಮೊದಲು ನಿಮ್ಮ ವೀಸಾ ಯಾವುದು ಹೇಳಿ. ಎಚ್‌-1ಬಿ, ಎಚ್‌-4, ಎಲ್‌-1, ಎಫ್‌-1 ಹೀಗೆ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಆದರೆ ಅಂಗಡಿಯವನ ಮಾತು ನಂಬಿ ಅದರ ಮೇಲೆ ಹೋಗಬೇಡಿ, ವಲಸೆ ವಕೀಲರನ್ನು ಒಮ್ಮೆ ಕೇಳಿ. ಎಡವಿದರೆ ಹೋಗುವುದು ಗನ್ ಒಂದೇ ಅಲ್ಲ, ಗ್ರೀನ್ ಕಾರ್ಡಿನ ದಾರಿಯೂ ಮುಚ್ಚಬಹುದು. "ಸ್ನೇಹಿತನದ್ದು, ಸುಮ್ಮನೆ ಶೂಟಿಂಗ್ ರೇಂಜಿನಲ್ಲಿ ಒಂದು ಈಡು ಹೊಡೆದೆ" ಎಂದರೂ ಕಾನೂನಿನ ಕಣ್ಣಲ್ಲಿ ಅದು ನಿಮ್ಮ ಕೈಯಲ್ಲಿತ್ತು ಎಂದೇ ಲೆಕ್ಕ. ಗ್ರೀನ್ ಕಾರ್ಡ್ ಇದ್ದವರಿಗೂ ಪೌರತ್ವ ಪಡೆದವರಿಗೂ ಈ ಅಡ್ಡಿ ಇಲ್ಲ. ಲೈಸೆನ್ಸ್ ಪಡೆದ ಅಂಗಡಿಯಲ್ಲಿ ಹ್ಯಾಂಡ್‌ಗನ್ ಕೊಳ್ಳಲು 21 ವರ್ಷ ತುಂಬಿರಬೇಕು. 4473 ಎಂಬ ಫಾರ್ಮು ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು. ನಿಜವಾಗಿ ಕೊಳ್ಳುತ್ತಿರುವವರು ನೀವೇ ತಾನೆ ಎಂಬ ಪ್ರಶ್ನೆ ಆ ಫಾರ್ಮಿನಲ್ಲಿ ಇದೆ. ಇನ್ನೊಬ್ಬರ ದುಡ್ಡಿನಲ್ಲಿ, ಇನ್ನೊಬ್ಬರಿಗಾಗಿ, ನಿಮ್ಮ ಹೆಸರಲ್ಲಿ ತೆಗೆದುಕೊಟ್ಟರೆ ಅದು ಅಪರಾಧ. ಗಾಂಜಾ ಬಗ್ಗೆಯೂ ಕೇಳುತ್ತದೆ. ಮೊಂಟಾನಾದಲ್ಲಿ ಗಾಂಜಾ ಅಂಗಡಿ ಬಾಗಿಲು ತೆರೆದು ಕೂತಿದೆ, ನಿಜ, ಆದರೆ ಆ ಫಾರ್ಮು ಫೆಡರಲ್ ಸರ್ಕಾರದ್ದು, ರಾಜ್ಯ ಕೊಟ್ಟ ಅನುಮತಿ ಅಲ್ಲಿ ಲೆಕ್ಕಕ್ಕಿಲ್ಲ.

ಇನ್ನು ಎರಡನೇ ಮಾತು, ಇದು ಯಾರಿಗೂ ರುಚಿಸುವುದಿಲ್ಲ: ಮೊದಲು ಬೇರ್ ಸ್ಪ್ರೇ ತಗೊಳ್ಳಿ. ನಲವತ್ತು ಡಾಲರ್ ಆಸುಪಾಸಿನ ಡಬ್ಬಿ. ಮೆಣಸಿನಕಾಯಿಯ ಖಾರವನ್ನೇ ಹೊಗೆಯಂತೆ ಎಂಟು ಒಂಬತ್ತು ಮೀಟರ್ ದೂರ ಉಗುಳುತ್ತದೆ. ಗ್ರಿಜ್ಲಿ, ಅಂದರೆ ಇಲ್ಲಿನ ಕಂದು ಕರಡಿ, ಓಡಿದರೆ ಗಂಟೆಗೆ 56 ಕಿಲೋಮೀಟರ್ ವೇಗ. ಮೂವತ್ತು ಮೀಟರ್ ಆಚೆಯ ಪೊದೆಯಿಂದ ಹೊರಟರೆ ಎರಡು ಸೆಕೆಂಡಿನಲ್ಲಿ ನಿಮ್ಮ ಮೇಲಿರುತ್ತದೆ. ಆ ಎರಡು ಸೆಕೆಂಡಿನಲ್ಲಿ, ತಲೆ ಕುಣಿಸುತ್ತ ನುಗ್ಗಿ ಬರುವ ಪ್ರಾಣಿಯ ಮೆದುಳನ್ನೋ ಬೆನ್ನುಹುರಿಯನ್ನೋ ಹುಡುಕಿ ಗುಂಡು ಹೊಡೆಯುವುದು ಸುಲಭವೋ, ಮುಂದೆ ಖಾರದ ಗೋಡೆ ಎಬ್ಬಿಸುವುದು ಸುಲಭವೋ ನೀವೇ ಹೇಳಿ. ಅಲಾಸ್ಕಾದ ಘಟನೆಗಳನ್ನು ಕಲೆಹಾಕಿ 2008ರಲ್ಲಿ ಬಂದ ಅಧ್ಯಯನದಲ್ಲಿ, ಕಂದು ಕರಡಿಗಳ ಮೇಲೆ ಸ್ಪ್ರೇ ಬಳಸಿದಾಗ ಶೇ. 92ರಷ್ಟು ಸಲ ಕರಡಿ ತನ್ನ ವರಸೆ ನಿಲ್ಲಿಸಿತ್ತು. 2012ರಲ್ಲಿ ಬಂದೂಕಿನ ಬಗ್ಗೆ ಬಂದ ಅಧ್ಯಯನದಲ್ಲಿ ಹ್ಯಾಂಡ್‌ಗನ್ನಿನ ಯಶಸ್ಸು ಶೇ. 84. ಗನ್ ಅಭಿಮಾನಿಗಳು ಈ ಎರಡನ್ನು ಪಕ್ಕಪಕ್ಕ ಇಡಬಾರದು ಎನ್ನುತ್ತಾರೆ. ಅದರಲ್ಲಿ ಹುರುಳಿದೆ, ಎರಡೂ ಕಡೆಯ ಘಟನೆಗಳು ಒಂದೇ ಥರದವಲ್ಲ. ಆದರೆ ಎರಡನೇ ಅಧ್ಯಯನದಲ್ಲೇ ಇನ್ನೊಂದು ಮಾತಿದೆ: ಕೈಯಲ್ಲಿ ಬಂದೂಕಿದ್ದವರಲ್ಲಿ, ಅದನ್ನು ಬಳಸಿದವರಿಗೂ ಬಳಸದವರಿಗೂ ಆದ ಗಾಯದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದನ್ನು ಓದಿದ ಮೇಲೂ ನಾನು ಗನ್ ಒಯ್ಯುತ್ತೇನೆ. ಎದುರುಗಾಳಿ ಇದ್ದರೆ ಸ್ಪ್ರೇ ನನ್ನ ಮುಖಕ್ಕೇ ಬರುತ್ತದೆ, ಒಂದು ಡಬ್ಬಿ ಕೆಲವೇ ಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ಸ್ಪ್ರೇ ಮುಗಿದ ಮೇಲೆ ಏನು ಎಂಬುದಕ್ಕೆ ಗನ್. ಹಾಗೆಯೇ ಕಾಡಿನಲ್ಲಿ ಕಾಟ ಕೊಡುವುದು ನಾಲ್ಕು ಕಾಲಿನದ್ದು ಮಾತ್ರ ಎಂದೇನಿಲ್ಲ. ಒಂಟಿ ಹೆಂಗಸಾಗಿ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಅಂಗಡಿಗೆ ಹೋಗೋಣ. ಕೌಂಟರಿನ ಹಿಂದೆ ಇರುವವನು ಹೆಂಗಸನ್ನು ಕಂಡ ಕೂಡಲೇ ಅಂಗೈಯಗಲದ ಪುಟ್ಟ ರಿವಾಲ್ವರ್ ತೆಗೆದಿಡುತ್ತಾನೆ, ಕೆಲವೊಮ್ಮೆ ಅದರ ಹಿಡಿಗೆ ಗುಲಾಬಿ ಬಣ್ಣ ಬೇರೆ. ಗಂಡಸಾದರೆ .44 ಮ್ಯಾಗ್ನಮ್ ಎಂಬ ಭಾರಿ ಗುಂಡಿನ ರಿವಾಲ್ವರ್ ತೋರಿಸುತ್ತಾನೆ. ಎರಡೂ ಬೇಡ ಅನ್ನಿ. ಗನ್ ಹಗುರವಾದಷ್ಟೂ ಗುಂಡು ಹೊಡೆದಾಗ ಕೈಗೆ ಬೀಳುವ ಒದೆತ ಜಾಸ್ತಿ. ಸ್ಮಿತ್ ಅಂಡ್ ವೆಸನ್ 340ಪಿಡಿ ಎಂಬುದೊಂದಿದೆ, ತೂಕ ಸುಮಾರು 330 ಗ್ರಾಂ. ಅದಕ್ಕೆ .357 ಮ್ಯಾಗ್ನಮ್ ತುಂಬಿ ಹೊಡೆದರೆ ಅಂಗೈಗೆ ಬೆತ್ತದಲ್ಲಿ ಬಾರಿಸಿದ ಹಾಗಾಗುತ್ತದೆ. ಅಂಥದ್ದನ್ನು ಕೊಂಡವರು ಮತ್ತೆ ಅಭ್ಯಾಸಕ್ಕೆ ಹೋಗುವುದಿಲ್ಲ. .44 ಕೊಂಡವರೂ ಅಷ್ಟೇ, ಕಾರಣ ಬೇರೆ: ಒದೆತದ ಜೊತೆಗೆ ಒಂದೊಂದು ಗುಂಡಿಗೂ ಡಾಲರ್ ಮೇಲೆ ಬೆಲೆ. 9 ಎಂಎಂ ಗುಂಡಿನ ಬೆಲೆ ಅದರ ಕಾಲು ಭಾಗದ ಹತ್ತಿರ.

ಕೈಗೆ ಹೊಂದುತ್ತದೆಯೋ ಇಲ್ಲವೋ ನೋಡುವುದು ಹೀಗೆ. ಖಾಲಿ ಇದೆಯೇ ಎಂದು ಅಂಗಡಿಯವನು ತೆರೆದು ತೋರಿಸಲಿ, ನೀವೂ ತೆರೆದು ನೋಡಿ, ಗುಂಡು ಕೂರುವ ಜಾಗಕ್ಕೆ, ಅಂದರೆ ಚೇಂಬರಿಗೆ, ಕಿರುಬೆರಳು ಹಾಕಿ ನೋಡಿದರೂ ಯಾರೂ ನಗುವುದಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವಿನ ಕವಲು ಹಿಡಿಯ ಹಿಂಭಾಗಕ್ಕೆ, ಆದಷ್ಟು ಮೇಲಕ್ಕೆ ಒತ್ತಿ ಕೂರಬೇಕು. ಹಾಗೆ ಹಿಡಿದಾಗ ನಳಿಗೆ ಮೊಣಕೈಯವರೆಗಿನ ಮೂಳೆಯ ನೇರಕ್ಕೆ ಇರಬೇಕು. ಆ ನೇರ ತಪ್ಪಿಸದೆ ತೋರುಬೆರಳ ತುದಿಯ ಮೆತ್ತನೆ ಭಾಗ ಟ್ರಿಗರ್ ಮುಟ್ಟಬೇಕು. ಬೆರಳು ಮುಟ್ಟಿಸಲು ಕೈ ತಿರುಚಬೇಕಾಗಿ ಬಂದರೆ ಆ ಗನ್ ನಿಮಗಲ್ಲ, ಎಷ್ಟೇ ಹೆಸರುವಾಸಿಯಾಗಿರಲಿ. ಗ್ಲಾಕ್ 20 ಒಳ್ಳೆಯ ಪಿಸ್ತೂಲು, 10 ಎಂಎಂನ ಹದಿನೈದು ಗುಂಡು ಹಿಡಿಸುತ್ತದೆ, ಇಲ್ಲಿನ ಮೀನು ಹಿಡಿಯುವವರ ಎದೆಯ ಮೇಲೆಲ್ಲ ಅದೇ. ಅದರ ಹಿಡಿ ನನ್ನ ಕೈಗೆ ಇಟ್ಟಿಗೆ. 9 ಎಂಎಂನ ಗ್ಲಾಕ್ 19 ಸಲೀಸಾಗಿ ಕೂರುತ್ತದೆ.

ಆಮೇಲೆ ಟ್ರಿಗರ್ ಎಳೆಯಿರಿ, ಅಂಗಡಿಯವನನ್ನು ಕೇಳಿಯೇ. ಗ್ಲಾಕ್‌ನದ್ದು ಸುಮಾರು ಎರಡೂವರೆ ಕಿಲೊ ಒತ್ತಡ. ಡಬಲ್ ಆಕ್ಷನ್ ರಿವಾಲ್ವರಿನಲ್ಲಿ ಅದೇ ಬೆರಳು ಕುದುರೆಯನ್ನೂ (ಹಿಂದಿನಿಂದ ಬಡಿಯುವ ಪುಟ್ಟ ಸುತ್ತಿಗೆ) ಎತ್ತಬೇಕು, ಗುಂಡು ತುಂಬಿದ ಉರುಳೆಯನ್ನೂ ತಿರುಗಿಸಬೇಕು, ಒತ್ತಡ ಹೆಚ್ಚುಕಡಿಮೆ ಅದರ ಎರಡರಷ್ಟು. ಪಿಸ್ತೂಲಾದರೆ ಅದರ ಮೇಲಿನ ಜಾರುವ ಭಾಗವನ್ನು, ಅಂದರೆ ಸ್ಲೈಡನ್ನು, ಹಿಂದಕ್ಕೆಳೆದು ಬಿಡಲು ನಿಮ್ಮಿಂದ ಆಗುತ್ತದೆಯೇ ನೋಡಿ. ಕೈ ಒದ್ದೆಯಾಗಿದ್ದಾಗ, ಚಳಿಗೆ ಬೆರಳು ಮರಗಟ್ಟಿದಾಗ ಅದು ಇನ್ನೂ ಕಷ್ಟ.

ರಿವಾಲ್ವರೋ ಪಿಸ್ತೂಲೋ? ಪಿಸ್ತೂಲಿನಲ್ಲಿ ಗುಂಡು ಹೆಚ್ಚು, ಒದೆತ ಕಡಿಮೆ, ಮತ್ತೆ ತುಂಬುವುದು ಬೇಗ. ಆದರೆ ಅದಕ್ಕೆ ಗಟ್ಟಿ ಮಣಿಕಟ್ಟು ಬೇಕು, ಕೈ ಸಡಿಲವಾದರೆ ಮುಂದಿನ ಗುಂಡು ಸಿಕ್ಕಿಕೊಳ್ಳಬಹುದು. ಇನ್ನೊಂದನ್ನು ಅಂಗಡಿಯಲ್ಲಿ ಹೇಳುವವರು ಕಡಿಮೆ: ಪ್ರಾಣಿ ಮೈಮೇಲೆ ಬಿದ್ದಾಗ ಪಿಸ್ತೂಲಿನ ಮೂತಿಯನ್ನು ಅದರ ಮೈಗೆ ಒತ್ತಿದರೆ ಸ್ಲೈಡ್ ಒಂದಿಷ್ಟು ಹಿಂದೆ ಸರಿದು ಗುಂಡು ಹಾರದೇ ಹೋಗಬಹುದು. ರಿವಾಲ್ವರಿಗೆ ಆ ತಕರಾರಿಲ್ಲ. ಒಂದು ಹಾರಲಿಲ್ಲ ಎಂದರೆ ಮತ್ತೆ ಟ್ರಿಗರ್ ಎಳೆದರಾಯಿತು, ಮುಂದಿನದು ಬರುತ್ತದೆ. ಆರೇ ಗುಂಡು ಎಂಬುದು ಅದರ ಕೊರತೆ. ಎರಡು ಸೆಕೆಂಡಿನ ಲೆಕ್ಕದಲ್ಲಿ ಆರು ಹೊಡೆಯಲು ಯಾರಿಗೆ ಪುರುಸೊತ್ತಿರುತ್ತದೆ ಎಂಬುದು ನನ್ನ ವಾದ.

ನಾನು ಒಯ್ಯುವುದು ರೂಗರ್ ಜಿಪಿ100, ನಾಲ್ಕಿಂಚು ನಳಿಗೆ, .357 ಮ್ಯಾಗ್ನಮ್, ತೂಕ 1.1 ಕಿಲೊ ಚಿಲ್ಲರೆ. ಆ ತೂಕವೇ ಅದರ ಗುಣ, ಒದೆತವನ್ನು ಅದು ತಿಂದುಕೊಳ್ಳುತ್ತದೆ. ಕುದುರೆಗೆ ಏಟು ಬಿದ್ದರೂ ತಾನಾಗಿ ಹಾರದಂತೆ ಒಳಗೆ ಟ್ರಾನ್ಸ್‌ಫರ್ ಬಾರ್ ಇದೆ, ಆರೂ ತುಂಬಿ ಒಯ್ಯಬಹುದು. ಎಲ್ಲಕ್ಕಿಂತ ಮುಖ್ಯ, .357ರ ರಿವಾಲ್ವರಿನಲ್ಲಿ .38 ಸ್ಪೆಷಲ್ ಗುಂಡೂ ಹೊಡೆಯಬಹುದು. ಮೆತ್ತಗಿನ .38ರಲ್ಲಿ ಕೈ ಪಳಗಿಸಿ, ಕಾಡಿಗೆ ಹೋಗುವಾಗ ಮ್ಯಾಗ್ನಮ್ ತುಂಬಿಕೊಳ್ಳಿ. ತಿರುಗಿಸಿ ಮಾಡಲು ಹೋಗಬೇಡಿ, .38ರ ಗನ್ನಿಗೆ .357 ಹಾಕುವಂತಿಲ್ಲ. ನೀವು ಪಿಸ್ತೂಲಿಗೇ ಒಗ್ಗಿದವರಾದರೆ 9 ಎಂಎಂನಲ್ಲಿ ಶುರು ಮಾಡಿ, ಚೆನ್ನಾಗಿ ಹೊಡೆಯಲು ಬಂದ ಮೇಲೆ, ಕೈ ದೊಡ್ಡದಿದ್ದರೆ, 10 ಎಂಎಂ ಯೋಚಿಸಿ. 9 ಎಂಎಂ ಗುಂಡಿನ ಶಕ್ತಿ ಸುಮಾರು 500 ಜೌಲ್, .44 ಮ್ಯಾಗ್ನಮ್ಮಿನದು ಅದರ ಮೂರರಷ್ಟರ ಹತ್ತಿರ, ಸರಿ. ಆದರೆ 2016ರಲ್ಲಿ ಅಲಾಸ್ಕಾದ ಪಳಗಿದ ಗೈಡ್ ಒಬ್ಬರು ನುಗ್ಗಿ ಬಂದ ಕಂದು ಕರಡಿಯನ್ನು ಕೆಡವಿದ್ದು 9 ಎಂಎಂನಿಂದಲೇ. ಅದು 9 ಎಂಎಂನ ಹಿರಿಮೆ ಎನ್ನುವುದಕ್ಕಿಂತ ಆ ಕೈಯ ಪಳಗಿಕೆ ಎನ್ನಬೇಕು.

ಗುಂಡಿನ ಜಾತಿ ನೋಡಿ ಕೊಳ್ಳಿ. ಮನುಷ್ಯರಿಂದ ರಕ್ಷಣೆಗೆ ಎಂದು ಮಾರುವ ಹಾಲೋ ಪಾಯಿಂಟ್ ಒಳಹೊಕ್ಕು ಅರಳುವಂಥದ್ದು, ಕರಡಿಯ ದಪ್ಪ ಮಾಂಸಖಂಡ, ಮೂಳೆ ದಾಟುವಷ್ಟು ಆಳಕ್ಕೆ ಹೋಗಲಿಕ್ಕಿಲ್ಲ. ಇಲ್ಲಿ ಬೇಕಾದ್ದು ಅರಳದೆ ನೇರ ಒಳನುಗ್ಗುವ, ಚಪ್ಪಟೆ ಮೂತಿಯ ಗಟ್ಟಿ ಸೀಸದ ಗುಂಡು, ಹಾರ್ಡ್ ಕಾಸ್ಟ್ ಎಂದು ಕೇಳಿ. ಗ್ಲಾಕ್ ಕಂಪನಿ ತನ್ನ ನಳಿಗೆಗಳಲ್ಲಿ ಕವಚವಿಲ್ಲದ ಸೀಸದ ಗುಂಡು ಬೇಡ ಎನ್ನುತ್ತದೆ, ಅದನ್ನು ಒಯ್ಯುವವರು ತಾಮ್ರದ ಘನ ಗುಂಡು ನೋಡಬಹುದು. ಯಾವುದೇ ಆಗಲಿ, ಕಾಡಿಗೆ ಒಯ್ಯುವ ಗುಂಡಿನ ಒಂದು ಪೆಟ್ಟಿಗೆಯನ್ನಾದರೂ ರೇಂಜಿನಲ್ಲಿ ಹೊಡೆದು, ಗನ್ನಿಗೆ ಅದು ಹಿಡಿಸುತ್ತದೆ ಎಂದು ಖಾತ್ರಿ ಮಾಡಿಕೊಳ್ಳಿ.

ಗನ್ ಸಿಕ್ಕಿಸಿಕೊಳ್ಳುವ ಒರೆಗೆ, ಅಂದರೆ ಹೋಲ್‌ಸ್ಟರ್‌ಗೆ, ಕಂಜೂಸುತನ ಮಾಡಬೇಡಿ. ಸೊಂಟದ ಬೆಲ್ಟಿಗೆ ಸಿಕ್ಕಿಸಿದರೆ ಬ್ಯಾಕ್‌ಪ್ಯಾಕಿನ ಸೊಂಟಪಟ್ಟಿ ಅದರ ಮೇಲೇ ಬರುತ್ತದೆ, ಹೊಳೆಗಿಳಿಯಲು ನೀರು ಒಳಬಿಡದ ಉದ್ದ ಉಡುಪು, ವೇಡರ್ಸ್, ಹಾಕಿದರಂತೂ ಕೈಗೇ ಎಟುಕುವುದಿಲ್ಲ. ಬ್ಯಾಗಿನೊಳಗಿದ್ದರೆ ಇಲ್ಲದಂತೆಯೇ. ಎದೆಗೆ ಅಡ್ಡಲಾಗಿ ಕಟ್ಟುವ ಚೆಸ್ಟ್ ಹೋಲ್‌ಸ್ಟರ್ ಸರಿ. ಟ್ರಿಗರ್ ಸುತ್ತಲಿನ ಬಳೆಯನ್ನು (ಟ್ರಿಗರ್ ಗಾರ್ಡ್) ಅದು ಪೂರ್ತಿ ಮುಚ್ಚಬೇಕು, ಬಗ್ಗಿದರೆ ಗನ್ ಜಾರಬಾರದು. ಎಳೆಯುವಾಗ ಮೂತಿ ನಿಮ್ಮ ಎಡಗೈಯನ್ನು ಹಾದು ಬರುತ್ತದೆ, ಎಡಗೈ ಎದೆಗೆ ಅಂಟಿಸಿಕೊಂಡು ಎಳೆಯುವುದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ. ಸ್ಪ್ರೇ ಸೊಂಟದಲ್ಲಿ, ಗನ್ ಎದೆಯಲ್ಲಿ. ಯಾವತ್ತೂ ಜಾಗ ಬದಲಾಯಿಸಬೇಡಿ, ಗಾಬರಿಯಲ್ಲಿ ಕೈ ರೂಢಿಯ ಜಾಗಕ್ಕೇ ಹೋಗುತ್ತದೆ.

ಅಭ್ಯಾಸಕ್ಕೆ ಒಬ್ಬ ತರಬೇತುದಾರರ ಹತ್ತಿರ ಒಂದು ದಿನವಾದರೂ ಹೋಗಿ, ಯೂಟ್ಯೂಬ್ ಸಾಲದು. ಕಿವಿಗೆ ಪ್ಲಗ್ಗೂ ಇರಲಿ, ಮೇಲೆ ಮಫ್ಸೂ ಇರಲಿ. ಮ್ಯಾಗ್ನಮ್ಮಿನ ಸದ್ದಿಗೆ ಒಂದೇ ಈಡು ಸಾಕು, ಕಿವಿ ಕೆಡುತ್ತದೆ. ಮನೆಯಲ್ಲಿ ಡ್ರೈ ಫೈರ್ ಮಾಡಿ: ಗನ್ ಖಾಲಿ ಮಾಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಗೋಡೆ ಕಡೆ ಗುರಿಯಿಟ್ಟು, ಗುರಿ ನೋಡುವ ಮುಂದಿನ ಮೊನೆಯ (ಸೈಟ್) ಬಳಿ ನಳಿಗೆಯ ಮೇಲೆ ಒಂದು ನಾಣ್ಯ ನಿಲ್ಲಿಸಿ ಟ್ರಿಗರ್ ಎಳೆಯಿರಿ. ನಾಣ್ಯ ಬಿತ್ತೆಂದರೆ ಕೈ ಅಲುಗಿದೆ. ರೇಂಜಿನಲ್ಲಿ ಏಳು ಮೀಟರಿಗೆ ಊಟದ ಪೇಪರ್ ಪ್ಲೇಟ್ ಅಂಟಿಸಿ, ಹೋಲ್‌ಸ್ಟರ್‌ನಿಂದ ಎಳೆದು ಎರಡು ಗುಂಡು ಅದಕ್ಕೆ ತಾಗಿಸಿ. ಮೊದಲು ನಿಧಾನಕ್ಕೆ, ವೇಗ ಆಮೇಲೆ ಬರುತ್ತದೆ. ಹೋಲ್‌ಸ್ಟರ್‌ನಿಂದ ಎಳೆಯಲು ಎಲ್ಲ ರೇಂಜಿನವರೂ ಬಿಡುವುದಿಲ್ಲ, ಕೇಳಿಕೊಂಡು ಹೋಗಿ.

ಮನೆಯಲ್ಲಿ ಮಕ್ಕಳಿರಲಿ ಬಿಡಲಿ, ಸೇಫ್ ಬೇಕು. ಅಂಗಡಿಯವರು ಗನ್ ಜೊತೆ ಒಂದು ಬೀಗ ಕೊಡುತ್ತಾರೆ. ಅದು ಏನೂ ಇಲ್ಲದ್ದಕ್ಕಿಂತ ವಾಸಿ, ಅಷ್ಟೇ. ಊರಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬಂದಿರುವಾಗ ದಿಂಬಿನಡಿ, ಕಪಾಟಿನ ಸೀರೆಯಡಿ ಎಲ್ಲ ನಡೆಯುವುದಿಲ್ಲ. ಟ್ರೆಕ್ ಮುಗಿಸಿ ಬಂದವರು ಕಾರಿನ ಸೀಟಿನಡಿ ತೂರಿಸಿ ಊಟಕ್ಕೆ ಹೋಗುವುದೂ ಬೇಡ.

ಕಾನೂನು ಒಂದೆರಡು ಬಾಕಿ ಇದೆ. ಮೊಂಟಾನಾದಲ್ಲಿ 2021ರಿಂದ ಪರ್ಮಿಟ್ ಇಲ್ಲದೆಯೂ ಗನ್ನನ್ನು ಬಟ್ಟೆಯ ಮರೆಯಲ್ಲಿ ಒಯ್ಯಬಹುದು. ಪಕ್ಕದ ರಾಜ್ಯಕ್ಕೆ ಹೋಗುವಾಗ ಅಲ್ಲಿನದ್ದು ಓದಿಕೊಳ್ಳಿ. ನ್ಯಾಷನಲ್ ಪಾರ್ಕುಗಳಲ್ಲಿ 2010ರ ಫೆಬ್ರುವರಿಯಿಂದ ಆಯಾ ರಾಜ್ಯದ ಕಾನೂನಿನಂತೆ ಒಯ್ಯಲು ಅವಕಾಶ ಇದೆ, ವಿಸಿಟರ್ ಸೆಂಟರಿನಂಥ ಫೆಡರಲ್ ಕಟ್ಟಡದೊಳಗೆ ಇಲ್ಲ, ಹಾರಿಸುವುದಂತೂ ನಿಷಿದ್ಧ. ಇಲ್ಲಿನ ಗ್ರಿಜ್ಲಿ 1975ರಿಂದ ಸಂರಕ್ಷಿತ ಪ್ರಾಣಿ. ಜೀವ ಉಳಿಸಿಕೊಳ್ಳಲು ಹೊಡೆದರೂ ಕೂಡಲೇ ತಿಳಿಸಬೇಕು, ತನಿಖೆ ಆಗಿಯೇ ಆಗುತ್ತದೆ. ವಿಮಾನದಲ್ಲಿ ಗನ್ ಒಯ್ಯುವುದಾದರೆ ಖಾಲಿ ಮಾಡಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಕೌಂಟರಿನಲ್ಲಿ ಹೇಳಿ ಚೆಕ್‌ ಇನ್ ಲಗೇಜಿಗೆ ಕೊಡಬೇಕು. ತಮಾಷೆ ಎಂದರೆ ಸ್ಪ್ರೇಯನ್ನು ಆ ಲಗೇಜಿನಲ್ಲೂ ಬಿಡುವುದಿಲ್ಲ, ಹೋದ ಊರಲ್ಲೇ ಕೊಳ್ಳಬೇಕು. ಗ್ಲೇಸಿಯರ್ ಪಾರ್ಕಿಗೆ ಹೋದವರು ಹಾಗೇ ಗಡಿ ದಾಟಿ ಕೆನಡಾದ ವಾಟರ್‌ಟನ್ ನೋಡಿ ಬರೋಣ ಎಂದುಕೊಳ್ಳುತ್ತಾರೆ. ಕೆನಡಾಕ್ಕೆ ಹ್ಯಾಂಡ್‌ಗನ್ ಒಯ್ಯುವಂತಿಲ್ಲ ಎಂದೇ ಇಟ್ಟುಕೊಳ್ಳಿ. ಆ ಪ್ರವಾಸಕ್ಕೆ ಗನ್ ಮನೆಯ ಸೇಫಿನಲ್ಲೇ ಇರಲಿ, ಕಾರಿನ ಮೂಲೆಯಲ್ಲಿ ಬಿದ್ದ ಬಿಡಿ ಗುಂಡುಗಳನ್ನೂ ಹಿಂದಿನ ದಿನವೇ ಹುಡುಕಿ ತೆಗೆಯಿರಿ. ಸ್ಪ್ರೇ ಒಯ್ಯಬಹುದು, ಅದು ಪ್ರಾಣಿಗಳಿಗೆ ಎಂದು ಡಬ್ಬಿಯ ಮೇಲೆ ಬರೆದಿರಬೇಕು. ಗಡಿಯ ಅಧಿಕಾರಿ ಕೇಳಿದರೆ ಆ ಲೇಬಲ್ ತೋರಿಸಿ.