ಮಳೆಗಾಲ ನಿಂತಿದ್ದ ಬುಲೆಟ್ಟಿನ ಕ್ಲಚ್ ಬಿಡಿಸಿದ್ದು

ಅಪ್ಪ ಓಡಿಸುತ್ತಿದ್ದ 1988ರ ಬುಲೆಟ್ 350 ಈಗ ಸಕಲೇಶಪುರದ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಅದನ್ನು ಹೊರಗೆ ತೆಗೆಯುವುದಿಲ್ಲ. ಹಿಂದಿನ ವರ್ಷ ಅಕ್ಟೋಬರಿನಲ್ಲಿ ಟಾರ್ಪಾಲು ಸರಿಸಿ ಕಿಕ್ ಹೊಡೆದಾಗ ಇಂಜಿನ್ ನಾಲ್ಕನೆಯ ಏಟಿಗೇ ಎದ್ದಿತು. ಆದರೆ ಕ್ಲಚ್ ಹಿಡಿದು, ಬಲಗಾಲಿನಿಂದ ಪೆಡಲನ್ನು ಮೇಲಕ್ಕೆತ್ತಿ ಮೊದಲ ಗೇರಿಗೆ ಹಾಕಿದೊಡನೆ ಗಾಡಿ ಧಡಕ್ಕೆಂದು ಮುಂದಕ್ಕೆ ನುಗ್ಗಿ ಆಫ್ ಆಯಿತು. ಲಿವರನ್ನು ಹಿಡಿಕೆಗೆ ತಾಗುವಷ್ಟು ಅದುಮಿಯೇ ಇದ್ದೆ. ಕ್ಲಚ್ ಮಾತ್ರ ಇಂಜಿನ್ನನ್ನು ಗೇರಿನಿಂದ ಬಿಡಿಸಿರಲಿಲ್ಲ.

ಇಂತಹ ಸಮಯದಲ್ಲಿ ಅಪ್ಪ ಮಾಡುತ್ತಿದ್ದ ಉಪಾಯ ನನಗೆ ಗೊತ್ತಿತ್ತು. ಇಂಜಿನ್ ಆಫ್ ಇರುವಾಗಲೇ ನಾಲ್ಕನೆಯ ಗೇರಿಗೆ ಹಾಕಿ, ಕ್ಲಚ್ ಹಿಡಿದುಕೊಂಡು ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಿದರೆ ಕ್ಲಚ್ಚಿನೊಳಗೆ ಒಂದಕ್ಕೊಂದು ಅಂಟಿಕೊಂಡ ಪ್ಲೇಟುಗಳು ಟಕ್ಕೆಂದು ಬಿಡಿಸಿಕೊಳ್ಳುತ್ತವೆ. ಆ ದಿನ ಬಿಡಿಸಿಕೊಂಡವು ಕೂಡ. ಆದರೆ ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ಜೊತೆಗೆ, ಗಾಡಿ ಬಿಸಿಯಾದ ಮೇಲೆ ನಿಲ್ಲಿಸಿದಲ್ಲಿ ನ್ಯೂಟ್ರಲ್ ಸಿಗುತ್ತಿರಲಿಲ್ಲ, ಗೇರು ಬದಲಿಸುವಾಗ ಕರಕರ ಸದ್ದು ಬರುತ್ತಿತ್ತು, ಲಿವರ್ ಬಿಟ್ಟರೂ ಅದು ಸೋಮಾರಿಯಂತೆ ನಿಧಾನವಾಗಿ ಹಿಂದಕ್ಕೆ ಬರುತ್ತಿತ್ತು. ಈ ಕೊನೆಯ ಲಕ್ಷಣವೇ ನನ್ನನ್ನು ದಾರಿ ತಪ್ಪಿಸಿತು. ಲಿವರ್ ನಿಧಾನವಾಗಿ ಬರುವುದು ಕೇಬಲ್ಲಿನ ದೋಷವೆಂದು ತೀರ್ಮಾನಿಸಿ, ಹೊಸ ಕೇಬಲ್ ತಂದು ಹಾಕಿಸಿಕೊಂಡು, ಎರಡು ದಿನ ಸುಖವಾಗಿದ್ದೆ. ಲಿವರ್ ಹಗುರವಾಯಿತು, ಗಾಡಿ ನುಗ್ಗುವುದು ನಿಲ್ಲಲಿಲ್ಲ.

ಆಗ ಹೊಳೆದದ್ದು ಇಷ್ಟು: ಲಿವರ್ ಅಂಟುವುದು ಬೇರೆ, ಪ್ಲೇಟ್ ಅಂಟುವುದು ಬೇರೆ, ಎರಡೂ ಒಟ್ಟಿಗೆ ಇದ್ದರೆ ಒಂದನ್ನು ಸರಿಪಡಿಸಿದ ಮೇಲೆ ಇನ್ನೊಂದು ಕಾಣಿಸುತ್ತದೆ. ಎರಡನ್ನೂ ಬೇರ್ಪಡಿಸಲು ಸುಲಭದ ಪರೀಕ್ಷೆ ಇದೆ. ಗೇರ್‌ಬಾಕ್ಸಿನ ಬಳಿ ಕೇಬಲ್ಲಿನ ತುದಿಯನ್ನು ಕಳಚಿ, ಅದನ್ನು ಒಂದು ಕೈಯಲ್ಲಿ ಎಳೆದು ಹಿಡಿದು, ಇನ್ನೊಂದು ಕೈಯಿಂದ ಲಿವರ್ ಅದುಮಿ ಬಿಡಬೇಕು. ಎಲ್ಲಿಯೂ ತಡೆಯದೆ ಸರಾಗವಾಗಿ ಓಡಿದರೆ ಕೇಬಲ್ ನಿರ್ದೋಷಿ. ನಾನು ಈ ಪರೀಕ್ಷೆಯನ್ನು ಕೇಬಲ್ ಬದಲಿಸಿದ ನಂತರ ಮಾಡಿದೆ, ಮೊದಲೇ ಮಾಡಿದ್ದರೆ ಕೊನೆಗೆ ಎಲ್ಲಿಗೆ ಕೈ ಹಾಕಬೇಕಾಗುತ್ತದೆ ಎಂಬುದಾದರೂ ತಿಳಿದಿರುತ್ತಿತ್ತು. ಹಳೆಯ ಕೇಬಲ್ ಹೆಡ್‌ಲೈಟಿನ ಹಿಂದೆ ಹ್ಯಾಂಡಲ್ ತಿರುಗುವ ಜಾಗದಲ್ಲಿ ಮುರಿದಂತೆ ಬಾಗಿ, ಒಳಗಿನ ಒಂದೆರಡು ಎಳೆ ಹರಿದಿತ್ತು. ಹಾಗಾಗಿ ಆ ಖರ್ಚು ದಂಡವೇನೂ ಆಗಲಿಲ್ಲ.

ಉಳಿದದ್ದು ಕ್ಲಚ್ಚನ್ನೂ ಇಂಜಿನ್ನಿನಿಂದ ಅದಕ್ಕೆ ಬರುವ ಚೈನನ್ನೂ ಮುಚ್ಚಿರುವ ಎಡಬದಿಯ ಪ್ರೈಮರಿ ಕವರ್. ಈ ಮಾದರಿಯ ಬುಲೆಟ್ಟಿನಲ್ಲಿ ಆ ದೊಡ್ಡ ಕವರನ್ನು ನಡುವಿನ ಒಂದೇ ನಟ್ಟು ಹಿಡಿದಿರುತ್ತದೆ. ಅದನ್ನು ಹೊರಗೆಳೆಯಲು ಎಡಗಡೆಯ ಫುಟ್‌ರೆಸ್ಟನ್ನೂ ಬ್ರೇಕ್ ಪೆಡಲನ್ನೂ ಮೊದಲು ತೆಗೆಯಬೇಕು. ಕೆಳಗೆ ಅಗಲವಾದ ತಟ್ಟೆ ಇಡದಿದ್ದರೆ ಆಯಿಲ್ ಪೂರ್ತಿ ನೆಲದ ಪಾಲಾಗುತ್ತದೆ. ನನ್ನ ತಟ್ಟೆಗೆ ಬಿದ್ದದ್ದು ಆಯಿಲ್ ಎನ್ನುವ ಹಾಗಿರಲಿಲ್ಲ, ಹಾಲು ಹೆಚ್ಚಾದ ಚಹಾದ ಬಣ್ಣವಿತ್ತು. ಮಲೆನಾಡಿನ ನಾಲ್ಕು ತಿಂಗಳ ತೇವ ಒಳಗೆ ಸೇರಿ, ಎಷ್ಟೋ ವರ್ಷಗಳಿಂದ ಬದಲಿಸದ ಆಯಿಲಿನೊಡನೆ ಕಲೆತು ಮುದ್ದೆಯಾಗಿತ್ತು. ಆಯಿಲ್ ಬದಲಿಸದೆ ಬಿಟ್ಟವನು ನಾನೇ. ಇಂಜಿನ್ ಆಯಿಲ್ ಬದಲಿಸುವಾಗ ಪ್ರೈಮರಿಗೂ ಗೇರ್‌ಬಾಕ್ಸಿಗೂ ಬೇರೆ ಬೇರೆ ಕೋಣೆಗಳಿವೆ ಎಂಬುದು ಗೊತ್ತಿದ್ದರೂ ಅತ್ತ ತಿರುಗಿ ನೋಡಿರಲಿಲ್ಲ.

ಪ್ಲೇಟುಗಳನ್ನು ಬಿಚ್ಚುವ ಮೊದಲು ಒಂದು ಕೆಲಸ ಮಾಡಿದೆ. ಕವರ್ ಇಲ್ಲದೆಯೇ ಲಿವರನ್ನು ಹಗ್ಗದಿಂದ ಹಿಡಿಕೆಗೆ ಕಟ್ಟಿ, ಕಿಕ್ಕನ್ನು ಕೈಯಿಂದ ನಿಧಾನವಾಗಿ ಒತ್ತುತ್ತ ಸ್ಪ್ರಿಂಗುಗಳ ಬಲದಿಂದ ಉಳಿದ ಪ್ಲೇಟುಗಳನ್ನು ಒತ್ತಿ ಹಿಡಿಯುವ ಹೊರಗಿನ ಪ್ರೆಶರ್ ಪ್ಲೇಟನ್ನು ಗಮನಿಸಿದೆ. ಅದು ಸಮನಾಗಿ ಹೊರಕ್ಕೆ ಏಳಬೇಕು. ನನ್ನದರಲ್ಲಿ ಒಂದು ಬದಿ ಬೇಗ ಎದ್ದು, ಎದುರು ಬದಿ ಕುಳಿತೇ ಇದ್ದು, ತಿರುಗುವಾಗ ಸೊಟ್ಟ ಗಾಲಿಯಂತೆ ಓಲಾಡುತ್ತಿತ್ತು. ಒಂದು ಬದಿ ಬಿಟ್ಟು ಇನ್ನೊಂದು ಬದಿ ಹಿಡಿದುಕೊಂಡಿದ್ದರೆ ನ್ಯೂಟ್ರಲ್ ಎಲ್ಲಿಂದ ಸಿಗಬೇಕು? ಮೂರು ಸ್ಪ್ರಿಂಗುಗಳನ್ನು ತೆಗೆದು ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿದಾಗ ಒಂದು ಉಳಿದೆರಡಕ್ಕಿಂತ ಕುಳ್ಳಗಿರುವುದು ಕಣ್ಣಿಗೇ ಕಂಡಿತು. ಒಂದನ್ನಷ್ಟೇ ಬದಲಿಸದೆ ಮೂರನ್ನೂ ಹೊಸದಾಗಿ ಹಾಕಿದೆ.

ಪ್ಲೇಟುಗಳನ್ನು ಹೊರತೆಗೆದ ಕ್ರಮದಲ್ಲೇ ತಂತಿಗೆ ಪೋಣಿಸಿಟ್ಟೆ. ಎರಡು ಪ್ಲೇಟುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು; ಸ್ಕ್ರೂಡ್ರೈವರ್ ತೂರಿಸಿದರೆ ಅಂಚು ಕೆಡುತ್ತದೆಂದು ಬಿದಿರಿನ ಸೀಳೊಂದನ್ನು ಸುತ್ತಲೂ ಆಡಿಸಿ ಬಿಡಿಸಿದೆ. ಬೇರೆಯಾದ ಸ್ಟೀಲ್ ಪ್ಲೇಟಿನ ಮೇಲೆ ಪಕ್ಕದ, ಘರ್ಷಣೆಯ ಪದರವಿರುವ ಫ್ರಿಕ್ಷನ್ ಪ್ಲೇಟಿನ ಅಚ್ಚು ತುಕ್ಕಿನ ಬಣ್ಣದಲ್ಲಿ ಪಡಿಮೂಡಿತ್ತು. ಬೆಳಿಗ್ಗೆ ಕೇಳುತ್ತಿದ್ದ ಆ ಟಕ್ ಎಂಬ ಸದ್ದು ಬರುತ್ತಿದ್ದದ್ದು ಇಲ್ಲಿಂದಲೇ.

ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದ ಮೇಲೆ ಸ್ಟೀಲ್ ಪ್ಲೇಟುಗಳನ್ನು ಒಂದೊಂದಾಗಿ ದಪ್ಪ ಗಾಜಿನ ಮೇಲಿಟ್ಟು ನೋಡಿದೆ. ಇಲ್ಲಿ ನಾನೊಂದು ತಪ್ಪು ಮಾಡುವುದರಲ್ಲಿದ್ದೆ. ಒಂದು ಪ್ಲೇಟ್ ಚಪ್ಪಟೆಯಾಗಿ ಕೂರದೆ ಇದ್ದದ್ದನ್ನು ಕಂಡು, ಬಾಗಿದೆಯೆಂದು ಪಕ್ಕಕ್ಕೆ ಎಸೆದಿದ್ದೆ. ಈ ಕ್ಲಚ್ಚಿನಲ್ಲಿ ಬೇಕೆಂದೇ ಬಸಿಯ ಹಾಗೆ ಸ್ವಲ್ಪ ತಗ್ಗು ಮಾಡಿದ ಪ್ಲೇಟುಗಳಿರುತ್ತವೆ ಎಂಬುದು ಆಮೇಲೆ ನೆನಪಾಯಿತು. ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ: ಬಸಿಯಂತಹ ಪ್ಲೇಟಿನಲ್ಲಿ ಗಾಜಿಗೂ ಅಂಚಿಗೂ ಇರುವ ಸಂದು ಸುತ್ತಲೂ ಒಂದೇ ಸಮವಾಗಿರುತ್ತದೆ, ಬಾಗಿದ ಪ್ಲೇಟಾದರೆ ಒಂದು ಅಂಚನ್ನು ಒತ್ತಿದಾಗ ಎದುರಿನ ಅಂಚು ಎದ್ದು, ಕುಂಟು ಮಣೆಯಂತೆ ಕಟಕಟ ಎನ್ನುತ್ತದೆ. ಎಸೆದದ್ದನ್ನು ಹುಡುಕಿ ತಂದು ತಂತಿಗೆ ಮತ್ತೆ ಪೋಣಿಸಿದೆ. ನಿಜವಾಗಿ ಬಾಗಿದ್ದದ್ದು ಬೇರೊಂದು, ಅದನ್ನು ಬದಲಿಸಿದೆ. ಉಳಿದವುಗಳ ತುಕ್ಕನ್ನು ಎಮರಿ ಪೇಪರನ್ನು ಗಾಜಿನ ಮೇಲೆ ಹಾಸಿ, ಪ್ಲೇಟನ್ನು ಅದರ ಮೇಲೆ ವೃತ್ತಾಕಾರವಾಗಿ ತಿಕ್ಕಿ ತೆಗೆದೆ.

ಪ್ಲೇಟುಗಳು ಕೂರುವ ಕ್ಲಚ್ ಡ್ರಮ್ಮಿನ ಸೀಳುಗಳಲ್ಲಿ ಫ್ರಿಕ್ಷನ್ ಪ್ಲೇಟಿನ ಕಿವಿಗಳು ಬಡಿದು ಬಡಿದು ಚಿಕ್ಕ ಹಲ್ಲುಗಳು ಮೂಡಿದ್ದವು. ಬೆರಳಿನ ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಮಾತ್ರ. ಆದರೆ ಲಿವರ್ ಎಳೆದಾಗ ಪ್ಲೇಟ್ ಜಾರಿ ಸರಿಯುವ ಬದಲು ಅಲ್ಲೇ ತಡೆದು ನಿಲ್ಲಲು ಅಷ್ಟು ಸಾಕು. ಸಣ್ಣ ಅರದಿಂದ ಅಂಚುಗಳನ್ನು ನಯವಾಗಿಸಿದೆ. ಹೆಚ್ಚು ಅರೆದರೆ ಸೀಳು ಅಗಲವಾಗುತ್ತದಾದ್ದರಿಂದ ಹಲ್ಲು ಮಾಯವಾದೊಡನೆ ನಿಲ್ಲಿಸಿದೆ.

ಜೋಡಿಸುವಾಗ ಮೂರು ಸ್ಪ್ರಿಂಗುಗಳ ತಿರುಪುಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದು, ಮತ್ತೆ ಲಿವರ್ ಕಟ್ಟಿ, ಕಿಕ್ ತಿರುಗಿಸಿ ನೋಡಿದೆ. ಓಲಾಟ ಹೋಗಿತ್ತು. ಆಮೇಲೆ ಲಿವರಿನ ಬಳಿ ಕೇಬಲನ್ನು ಪೂರ್ತಿ ಸಡಿಲಿಸಿ, ಗೇರ್‌ಬಾಕ್ಸಿನ ಹೊರಮೈಯಲ್ಲಿರುವ ಪುಟ್ಟ ಮುಚ್ಚಳವನ್ನು ತೆಗೆದು, ಒಳಗಿನ ಅಡ್ಜಸ್ಟರ್ ತಿರುಪು, ಕ್ಲಚ್ಚನ್ನು ತಳ್ಳಿ ಬಿಡಿಸುವ ಪುಶ್ ರಾಡಿಗೆ ತಾಗುವವರೆಗೆ ತಿರುಗಿಸಿ, ಅರ್ಧ ಸುತ್ತು ಹಿಂದಕ್ಕೆ ತಂದು ಲಾಕ್ ನಟ್ಟು ಬಿಗಿದೆ. ಅನಂತರವೇ ಕೇಬಲ್ ಹೊಂದಿಸಿ ಲಿವರಿನ ಬುಡದಲ್ಲಿ 2ರಿಂದ 3 ಮಿಲಿಮೀಟರ್ ಆಟ ಬಿಟ್ಟೆ. ಹಿಂದೆ ನಾನು ಒಳಗಿನ ತಿರುಪನ್ನು ಮುಟ್ಟದೆ ಕೇಬಲ್ಲಿನಲ್ಲೇ ಎಲ್ಲವನ್ನೂ ಸರಿಪಡಿಸಲು ಹೊರಟು, ಲಿವರಿನ ಅರ್ಧ ಎಳೆತವನ್ನು ಖಾಲಿ ಜಾಗ ತುಂಬುವುದಕ್ಕೇ ಕಳೆಯುತ್ತಿದ್ದೆ.

ಕವರಿನ ರಬ್ಬರ್ ಸೀಲ್ ಹೊಸದನ್ನು ಹಾಕಿ, ಲೆವೆಲ್ ತಿರುಪಿನ ತೂತಿನಿಂದ ಒಸರುವವರೆಗೆ 20ಡಬ್ಲ್ಯು50 ಆಯಿಲ್ ಹಾಕಿದೆ. ನಡುವಿನ ನಟ್ಟನ್ನು ಬಲ ಹಾಕಿ ಬಿಗಿದರೆ ಕವರ್ ಸೊಟ್ಟಗಾಗಿ ಸೋರುವುದು ಹೆಚ್ಚಾಗುತ್ತದೆಯೇ ಹೊರತು ನಿಲ್ಲುವುದಿಲ್ಲ.

ಈಗ ಮಳೆಗಾಲದಲ್ಲಿ ಗಾಡಿ ನಿಂತಿದ್ದರೂ ವಾರಕ್ಕೊಮ್ಮೆ ಕ್ಲಚ್ ಹಿಡಿದು ನಾಲ್ಕಾರು ಸಲ ಕಿಕ್ ಒತ್ತಿ ಬರುತ್ತೇನೆ. ಈ ಅಕ್ಟೋಬರಿನಲ್ಲಿ ಗಾಡಿ ನುಗ್ಗಲಿಲ್ಲ. ಬಿಸಿ ಇಂಜಿನ್ನಿನಲ್ಲಿ ನ್ಯೂಟ್ರಲ್ ಇನ್ನೂ ಒಮ್ಮೊಮ್ಮೆ ಸತಾಯಿಸುತ್ತದೆ. ಆಗ ಎರಡನೆಯ ಗೇರಿನಲ್ಲಿರುವಾಗಲೇ ಗೇರನ್ನು ನೇರವಾಗಿ ನ್ಯೂಟ್ರಲ್ಲಿಗೆ ತರುವ ಪುಟ್ಟ ಪೆಡಲಾದ ನ್ಯೂಟ್ರಲ್ ಫೈಂಡರನ್ನು ಹಿಮ್ಮಡಿಯಿಂದ ತುಳಿದುಬಿಡುತ್ತೇನೆ. ಹೊಸ ಸೀಲಿನ ಕೆಳಗೆ ಬೆಳಿಗ್ಗೆ ಒಂದು ಹನಿ ಆಯಿಲ್ ಕಾಣುತ್ತದೆ. ಅದಕ್ಕೆ ಹಳೆಯ ರಟ್ಟೊಂದನ್ನು ಹಾಸಿದ್ದೇನೆ.