ಡ್ರಾಯರಿನಲ್ಲಿ ಮಲಗಿದ್ದ ಕಂಪನಿ ಕಾರ್ಡಿಗೆ ಆರು ತಿಂಗಳ ಕೆಲಸ ಕೊಟ್ಟೆ

ನಮ್ಮ ಕಂಪನಿಯ ಎರಡನೇ ಕ್ರೆಡಿಟ್ ಕಾರ್ಡ್ ಸುಮಾರು ಮೂರು ವರ್ಷ ಡ್ರಾಯರಿನಲ್ಲೇ ಇತ್ತು. ಚೆಕ್ ಬುಕ್ಕಿನ ಕೆಳಗೆ, ಬ್ಯಾಂಕಿನಿಂದ ಬಂದ ಕವರಿನಲ್ಲೇ. ಹಿಂದೆ ಸಹಿ ಕೂಡ ಹಾಕಿರಲಿಲ್ಲ. "ಕತ್ತರಿಸಿ ಬಿಸಾಕಿ ಸಾರ್" ಅಂದರು ಆಡಿಟರ್. "ಇರಲಿ ಬಿಡೋ, ಅದೇನು ಅನ್ನ ನೀರು ಕೇಳುತ್ತಾ?" ಅಂದ ಪಾರ್ಟ್‌ನರ್.

ಕೇಳುತ್ತೆ ಅಂತ ಆಮೇಲೆ ಗೊತ್ತಾಯಿತು. ವರ್ಷದ ಫೀ ಕಾರ್ಡಿಗೆ ಬಿತ್ತು. ಸ್ಟೇಟ್‌ಮೆಂಟ್ ಹೋಗಿದ್ದು ಕೆಲಸ ಬಿಟ್ಟುಹೋದ ಅಕೌಂಟ್ಸ್ ಹುಡುಗನ ಇಮೇಲ್‌ಗೆ. ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ನಾಲ್ಕೈದು ತಿಂಗಳು ಕಳೆದಿತ್ತು. ಲೇಟ್ ಫೀ, ಬಡ್ಡಿ ಎಲ್ಲ ಸೇರಿ ಮೂಲ ಫೀಯ ಮೂರರಷ್ಟು ಕಟ್ಟಿದ ನೆನಪು. ಒಂದು ಸಲವೂ ಉಜ್ಜದ ಕಾರ್ಡಿಗೆ!

ಹಾಗಾದರೆ ಕ್ಲೋಸ್ ಮಾಡೋದು ತಾನೇ? ಆ ಪೆಟ್ಟೂ ತಿಂದಿದ್ದೆ. ಅದಕ್ಕೂ ಮುಂಚೆ ಇನ್ನೊಂದು ಕಾರ್ಡನ್ನು ಸಿಟ್ಟಿನಲ್ಲಿ ಕ್ಲೋಸ್ ಮಾಡಿಸಿದ್ದೆ. ನಮ್ಮ ಡೊಮೇನ್, ಅಂದರೆ ವೆಬ್‌ಸೈಟಿನ ಹೆಸರಿನ ರಿನ್ಯೂವಲ್ ಅದರ ಮೇಲೇ ಇತ್ತು ಅನ್ನೋದು ಯಾರಿಗೂ ನೆನಪಿರಲಿಲ್ಲ. ವರ್ಷಕ್ಕೊಮ್ಮೆ ಬರುವ ಖರ್ಚು ತಿಂಗಳ ಲೆಕ್ಕದಲ್ಲಿ ಕಾಣಲ್ಲ ಅಲ್ವಾ? ಎರಡು ದಿನ ವೆಬ್‌ಸೈಟೂ ಇಲ್ಲ, ಇಮೇಲೂ ಇಲ್ಲ. ಈಗ ಯಾವ ಕಾರ್ಡ್ ಮುಚ್ಚುವುದಾದರೂ 12 ಅಲ್ಲ, 13 ತಿಂಗಳ ಸ್ಟೇಟ್‌ಮೆಂಟ್ ತಿರುವಿ ಹಾಕುತ್ತೇನೆ.

ಅದಕ್ಕೇ ಈ ಸಲ ಇಡಬೇಕಾ ಬೇಡವಾ ಅಂತ ಚರ್ಚೆಗೇ ಕೂರಲಿಲ್ಲ. ಆರು ತಿಂಗಳು ದುಡಿಸಿ ನೋಡೋಣ ಅಂದೆ. ಲಿಮಿಟ್ಟನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದೆ. ನಗದು ತೆಗೆಯುವುದನ್ನು ಬಂದ್ ಮಾಡಿದೆ. ಇಮೇಲ್, ಫೋನ್ ನಂಬರ್ ಬದಲಿಸಿದೆ. ಇಂಟರ್ನೆಟ್ ಬಿಲ್, ಸಾಫ್ಟ್‌ವೇರ್ ಚಂದಾ, ಡೊಮೇನ್, ಇಷ್ಟೇ ಅದರ ಕೆಲಸ. ಪೂರ್ತಿ ಬಾಕಿ ಬ್ಯಾಂಕ್ ಖಾತೆಯಿಂದ ತಾನಾಗೇ ಹೋಗಬೇಕು. "ಇಷ್ಟಕ್ಕೊಂದು ಕಾರ್ಡಾ?" ಅಂತ ಪಾರ್ಟ್‌ನರ್ ನಕ್ಕ.

ಮೊದಲ ತಿಂಗಳೇ ಎಡವಿದೆ. ಜಾಣತನ ಅಂದುಕೊಂಡು ವಿದೇಶಿ ವಹಿವಾಟನ್ನೂ ಬಂದ್ ಮಾಡಿದ್ದೆ. ಸಾಫ್ಟ್‌ವೇರಿನವರು ಬಿಲ್ ಕೊಡುವುದು ರೂಪಾಯಿಯಲ್ಲೇ, ಆದರೆ ದುಡ್ಡು ಹೋಗುವುದು ಬೇರೆ ದೇಶದಲ್ಲಿರುವ ಅವರ ಖಾತೆಗೆ. ಪೇಮೆಂಟ್ ಬೌನ್ಸ್. ಮತ್ತೆ ತೆರೆದೆ.

ಮಧ್ಯೆ ಸುಮ್ನೆ ಒಂದು ಪ್ರಯೋಗ. ಕಾರ್ಡಿನ ಬಿಲ್ ತಯಾರಾಗುವುದು ಪ್ರತಿ ತಿಂಗಳು 14ಕ್ಕೆ. 15ಕ್ಕೆ ಪ್ರಿಂಟರ್ ಟೋನರ್ ತಗೊಂಡೆ, ಅದು ಮುಂದಿನ ತಿಂಗಳ ಬಿಲ್ಲಿಗೆ ಹೋಯಿತು, ದುಡ್ಡು ಕಟ್ಟಲು ಹತ್ತಿರ ಹತ್ತಿರ 50 ದಿನ ಸಿಕ್ಕಿತು. ಇನ್ನೊಂದು ತಿಂಗಳು 13ಕ್ಕೆ ತಗೊಂಡೆ, 20 ದಿನ ಚಿಲ್ಲರೆ. ಅವತ್ತಿನಿಂದ ಟೋನರ್ ಖಾಲಿ ಅಂತ ಯಾರು ಬಂದರೂ ಮೊದಲು ಕ್ಯಾಲೆಂಡರ್ ನೋಡುತ್ತೇನೆ.

ಐದನೇ ತಿಂಗಳು ಮುಖ್ಯ ಕಾರ್ಡಿನಲ್ಲಿ ನಾವು ಮಾಡದ ಯಾವುದೋ ಖರೀದಿ ಕಾಣಿಸಿತು, ಬ್ಯಾಂಕ್ ಬ್ಲಾಕ್ ಮಾಡಿತು. ಹೊಸದು ಕೈಗೆ ಬರಲು ಒಂದು ವಾರ ಹಿಡಿಯಿತು. ಮೊದಲಾಗಿದ್ದರೆ ಎಲ್ಲ ಚಂದಾಗಳೂ ಅದರ ಮೇಲೇ ಇರುತ್ತಿದ್ದವು. ಈ ಸಲ ಆಫೀಸಿನಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ.

ವರ್ಷದ ಫೀ ಮನ್ನಾ ಆಗಲು ಬೇಕಾದಷ್ಟು ಖರ್ಚು ಈ ಕಾರ್ಡಿನಲ್ಲಿ ಆಗಿರಲಿಲ್ಲ. ಆದರೂ ಮನ್ನಾ ಮಾಡಿಸಿಕೊಂಡೆ. ಫೀ ಬೀಳುವ ತಿಂಗಳಿಗೆ ಮುಂಚೆಯೇ ಫೋನ್ ಮಾಡಿದೆ, ಬಿದ್ದ ಮೇಲೆ ಅಲ್ಲ. ಏನು ಹೇಳಿದೆ ಅನ್ನೋದು ನನ್ನ ಹತ್ತಿರವೇ ಇರಲಿ, ಮುಂದಿನ ವರ್ಷವೂ ಬೇಕು.

ಈಗ ಪಾರ್ಟ್‌ನರೇ ಲಿಮಿಟ್ ಜಾಸ್ತಿ ಮಾಡಿಸು ಅಂತ ಹಿಂದೆ ಬಿದ್ದಿದ್ದಾನೆ. ನಾನು ಒಪ್ಪಿಲ್ಲ.