ಬಿಸಿಲೇರಿದಾಗ ನಿಲ್ಲುತ್ತಿದ್ದ ಇನ್ವರ್ಟರ್: ನನ್ನ ಅನುಭವ

"ಮೋಡ ಕವಿದ ದಿನ ಚೆನ್ನಾಗಿ ಓಡುತ್ತೆ, ಬಿಸಿಲು ಏರಿದರೆ ನಿಂತೇಬಿಡುತ್ತೆ ಕಣಪ್ಪ" ಎಂದು ತಮ್ಮ ಸೋಲಾರ್ ಇನ್ವರ್ಟರ್ ಬಗ್ಗೆ ತುಮಕೂರು ಜಿಲ್ಲೆಯ ಹಳ್ಳಿಯೊಂದರ ನಿವೃತ್ತ ಮೇಷ್ಟ್ರು ಫೋನ್ ಮಾಡಿದಾಗಲೇ, ದೋಷವಿರುವುದು ಪ್ಯಾನೆಲ್‌ಗಳಲ್ಲಲ್ಲ, ತಂತಿಯ ಕಡೆಯಲ್ಲಿ ಎಂದು ನನಗೆ ಅನ್ನಿಸಿತ್ತು. ಅವರ ಮನೆಯ ಮೇಲೆ 5 ಕಿಲೋವ್ಯಾಟ್‌ನ ಸಿಂಗಲ್ ಫೇಸ್ ಸೌರ ವಿದ್ಯುತ್ ಘಟಕವನ್ನು, ಅಂದರೆ ಪ್ಯಾನೆಲ್‌ಗಳನ್ನೂ ಅವುಗಳ ಡಿಸಿ ಕರೆಂಟನ್ನು ಮನೆಗೆ, ಲೈನಿಗೆ ಹೊಂದುವ ಎಸಿಗೆ ಬದಲಿಸುವ ಇನ್ವರ್ಟರನ್ನೂ ಕೂರಿಸಿದ್ದವನು ನಾನೇ. ಆ ಮನೆ ಲೈನಿನ ಕೊನೆಯ ಕಂಬದಲ್ಲಿತ್ತು.

ನಮ್ಮ ವಿತರಣಾ ಟ್ರಾನ್ಸ್‌ಫಾರ್ಮರ್‌ಗಳು ಲೋಡ್ ಇಲ್ಲದಾಗ 433 ವೋಲ್ಟ್, ಅಂದರೆ ಫೇಸಿಗೆ 250 ವೋಲ್ಟ್ ಕೊಡುತ್ತವೆ. ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ 2013ರ ನಿಯಮದಂತೆ ವೋಲ್ಟೇಜು 230ರ ಶೇ. 110ನ್ನು, ಎಂದರೆ 253ನ್ನು ದಾಟಿದರೆ ಇನ್ವರ್ಟರ್ 2 ಸೆಕೆಂಡಿನೊಳಗೆ ಗ್ರಿಡ್‌ನಿಂದ, ಅಂದರೆ ವಿದ್ಯುತ್ ಜಾಲದಿಂದ, ಕಳಚಿಕೊಳ್ಳಬೇಕು. ಊರಿನಲ್ಲಿ ಬಳಕೆ ತಗ್ಗಿರುವ ಮಧ್ಯಾಹ್ನ, ಮನೆಯಿಂದ ಲೈನಿಗೆ ಹರಿಯುವ 20 ಆಂಪಿಯರ್ ಕರೆಂಟು ತಂತಿಯ ರೋಧವನ್ನು ದಾಟಬೇಕಾದ್ದರಿಂದ, ಇನ್ವರ್ಟರ್‌ನ ತುದಿಯಲ್ಲಿ ವೋಲ್ಟೇಜು ಇನ್ನಷ್ಟು ಏರುತ್ತಿತ್ತು.

ಮಿತಿಯನ್ನೇ 265ಕ್ಕೆ ಎತ್ತಿಬಿಡಿ ಎಂದವರಿದ್ದರು. ನಾನು ಒಪ್ಪಲಿಲ್ಲ, ಅದು ನಿಯಮಕ್ಕೆ ವಿರುದ್ಧ, ಮೇಲಾಗಿ ಏರಿದ ವೋಲ್ಟೇಜನ್ನು ಮನೆಯ ಫ್ರಿಜ್ಜು, ಟಿವಿಗಳೇ ತಾಳಿಕೊಳ್ಳಬೇಕು. ಬದಲಿಗೆ ಇನ್ವರ್ಟರ್ ಆಫ್ ಮಾಡಿ ಅಳೆದೆ: 242 ವೋಲ್ಟ್. ಪೂರ್ಣ ಸಾಮರ್ಥ್ಯದಲ್ಲಿ ಅದು ಮೀಟರ್ ಬಳಿ 248, ಇನ್ವರ್ಟರ್ ಬಳಿ 255 ಆಯಿತು. ಏರಿಕೆಯ ಅರ್ಧಕ್ಕಿಂತ ಹೆಚ್ಚು ಮೀಟರ್‌ನಿಂದ ಇನ್ವರ್ಟರ್‌ವರೆಗೆ ನಾನೇ ಎಳೆದಿದ್ದ 40 ಮೀಟರ್ ಉದ್ದದ, 4 ಚದರ ಮಿ.ಮೀ. ತಾಮ್ರದ ಕೇಬಲ್ಲಿನದಾಗಿತ್ತು. ಬಿಸಿಯಾಗುವುದಿಲ್ಲವೆಂಬ ಒಂದೇ ಲೆಕ್ಕದಲ್ಲಿ ಅದನ್ನು ಆರಿಸಿದ್ದು ನನ್ನ ತಪ್ಪು. 10 ಚದರ ಮಿ.ಮೀ.ನ ಕೇಬಲ್ ಹಾಕಿದ ಮೇಲೆ ಆ 7 ವೋಲ್ಟ್ 3ಕ್ಕೆ ಇಳಿಯಿತು.

ಆದರೂ ಕೆಲವು ದಿನ ವೋಲ್ಟೇಜು ಮಿತಿಯನ್ನು ಮುಟ್ಟುತ್ತಿತ್ತು. ಆಗ ನಿಯಂತ್ರಣದ ಸೆಟ್ಟಿಂಗ್‌ಗಳಿಗೆ ಕೈಹಾಕಿದೆ. ಮೊದಲು ಪವರ್ ಫ್ಯಾಕ್ಟರನ್ನು (ಒಟ್ಟು ಶಕ್ತಿಯಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) 0.95ಕ್ಕೆ ಇಳಿಸಿ, ಇನ್ವರ್ಟರ್ ರಿಯಾಕ್ಟಿವ್ ಪವರ್ (ಕೆಲಸಕ್ಕೆ ಬಾರದೆ ತಂತಿಯಲ್ಲಿ ಹಿಂದೆಮುಂದೆ ಓಡಾಡುವ ಶಕ್ತಿ) ಹೀರುವಂತೆ ಮಾಡಿದೆ. ಒಂದೆರಡು ವೋಲ್ಟ್ ಮಾತ್ರ ತಗ್ಗಿತು. ಇಂಡಕ್ಟನ್ಸ್ (ಕರೆಂಟಿನ ಏರಿಳಿತವನ್ನು ತಡೆಯುವ ಗುಣ) ಮೇಲುಗೈಯಾಗಿರುವ ಹೈಟೆನ್ಷನ್ ಮಾರ್ಗಗಳಲ್ಲಿ ಬಹಳ ಫಲ ಕೊಡುವ ಈ ಉಪಾಯ, ರೋಧವೇ ಹೆಚ್ಚಿರುವ ಹಳ್ಳಿಯ ಲೈನಿನಲ್ಲಿ ಅಷ್ಟಾಗಿ ನಡೆಯುವುದಿಲ್ಲ. ನಿಜವಾಗಿ ನೆರವಾದದ್ದು ವೋಲ್ಟ್–ವ್ಯಾಟ್ ನಿಯಂತ್ರಣ: ವೋಲ್ಟೇಜು 250 ದಾಟಿದೊಡನೆ ಇನ್ವರ್ಟರ್ ಪ್ಯಾನೆಲ್‌ಗಳನ್ನು ಗರಿಷ್ಠ ಉತ್ಪಾದನೆಯ ಬಿಂದುವಿನಿಂದ ಸರಿಸಿ, ಹೊರಗೆ ಕೊಡುವ ಶಕ್ತಿಯನ್ನು ಹಂತಹಂತವಾಗಿ ತಗ್ಗಿಸುತ್ತದೆ. ಆರಂಭದಲ್ಲಿ ಪ್ರತಿಕ್ರಿಯೆಯ ಸಮಯವನ್ನು ತೀರಾ ಕಡಿಮೆ ಇಟ್ಟಿದ್ದರಿಂದ ಉತ್ಪಾದನೆ ಉಯ್ಯಾಲೆಯಂತೆ ಏರಿಳಿಯಿತು. 10 ಸೆಕೆಂಡಿಗೆ ಹೆಚ್ಚಿಸಿದ ಮೇಲೆ ಸ್ಥಿರವಾಯಿತು. ಸುಡುವ ಮಧ್ಯಾಹ್ನಗಳಲ್ಲಿ ಸ್ವಲ್ಪ ಉತ್ಪಾದನೆ ಕೈಬಿಟ್ಟು ಹೋಗುತ್ತದೆ, ನಿಜ. ಆದರೆ ಒಮ್ಮೆ ಟ್ರಿಪ್ ಆದರೆ, ಅಂದರೆ ಇನ್ವರ್ಟರ್ ಗ್ರಿಡ್‌ನಿಂದ ಕಳಚಿಕೊಂಡರೆ, ವೋಲ್ಟೇಜು ಸರಿಹೋಗಿ ಕನಿಷ್ಠ 60 ಸೆಕೆಂಡು ಕಳೆಯುವವರೆಗೆ ಏನೂ ಸಿಗುವುದಿಲ್ಲ, ಮತ್ತೆ ಜೋಡಣೆಯಾದ ಕೂಡಲೇ ಅದೇ ಕಥೆ.

ಹೊರಡುವ ಮುನ್ನ ಲೈನ್‌ಮನ್ ಎದುರಿಗೇ ಮೇನ್ ಸ್ವಿಚ್ ಆಫ್ ಮಾಡಿದೆ. ಇನ್ವರ್ಟರ್ ತಕ್ಷಣ ನಿಂತಿತು. ಕಂಬ ಹತ್ತುವವರು ಅವರಾದ್ದರಿಂದ, ಲೈನಿನಲ್ಲಿ ಕರೆಂಟು ಹೋದಾಗ ಛಾವಣಿಯಿಂದ ಏನೂ ಹರಿದುಬರುವುದಿಲ್ಲ ಎಂಬುದನ್ನು ಅವರೇ ಟೆಸ್ಟರ್ ಹಿಡಿದು ನೋಡಿಕೊಂಡರು.